ಒಪ್ಪಿಸದೆ ಉಳಿದ ಮನೆ

"ಅಜ್ಜಾ, ಕೆಲಸದಲ್ಲಿ ಕೊರತೆ ಇದ್ದರೆ ಕೆಲಸದವನ ಹಣ ಹಿಡಿದಿಟ್ಟುಕೊಳ್ಳುವುದು ತಪ್ಪೇ?"

ಹೀಗೆ ಕೇಳಿದವನು ಮುರಿಗೆಪ್ಪ. ಇಪ್ಪತ್ತು ವರ್ಷಗಳಿಂದ ಮಠಕ್ಕೆ ನಡೆದುಕೊಳ್ಳುವ ಶಿಷ್ಯ. ಆ ವರ್ಷ ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದ್ದ. ಬೀಗದ ಕೈ ಅವನ ಕೈಗೆ ಬಂದಿತ್ತು, ಗೌಂಡಿಗೆ ಕೊನೆಯ ಕಂತು ಮಾತ್ರ ಹೋಗಿರಲಿಲ್ಲ. ಮೆಟ್ಟಿಲ ಬಳಿ ಗೋಡೆ ಬಿರಿದಿದೆ, ಬಚ್ಚಲಿನ ನೀರು ಬಾಗಿಲ ಕಡೆಗೇ ಹರಿಯುತ್ತದೆ ಎಂದು ಅವನ ದೂರು. ಗೌಂಡಿಯ ಫೋನು ಎತ್ತುವುದನ್ನು ಬಿಟ್ಟು ಎರಡು ತಿಂಗಳಾಗಿತ್ತು. ಮೊನ್ನೆ ಅವನು ಮನೆಗೇ ಬಂದಾಗ, ಯಜಮಾನರು ಊರಲ್ಲಿಲ್ಲ ಎಂದು ಹೆಂಡತಿಯಿಂದ ಹೇಳಿಸಿದ್ದನ್ನೂ ಮುರಿಗೆಪ್ಪ ಮುಚ್ಚಿಡಲಿಲ್ಲ. ನ್ಯಾಯ ತನ್ನ ಕಡೆಗಿದೆ ಎಂದ.

ಮಠದ ಅಜ್ಜನವರು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ನ್ಯಾಯ ನಿನ್ನ ಕಡೆಗೇ ಇರಲಿ, ಯಾರು ಬೇಡ ಅಂದರು? ಕೂತುಕೋ. ನಿನ್ನ ಹಾಗೇ ನ್ಯಾಯವನ್ನು ತನ್ನ ಕಡೆ ಇಟ್ಟುಕೊಂಡಿದ್ದ ಇನ್ನೊಬ್ಬನ ಸಂಗತಿ ಹೇಳುತ್ತೇನೆ" ಎಂದರು. ಹೇಳಿದ್ದು ಇದು.

ಒಂದು ಪೇಟೆಯಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟವರ ಕತೆ ಹೇಳಿದರೆ ನೀವೆಲ್ಲ ನಾನು ಅಂಥವನಲ್ಲಪ್ಪ ಎಂದು ಹೆಗಲ ಮೇಲಿನ ಟವೆಲು ಕೊಡವಿಕೊಂಡು ಎದ್ದುಹೋಗುತ್ತೀರಿ. ಇವನು ತೂಕದಲ್ಲಿ ಮೋಸ ಮಾಡಿದವನಲ್ಲ, ಮಾತು ತಪ್ಪಿದವನಲ್ಲ. ಹಬ್ಬಕ್ಕೆ ಕೇರಿಯ ಮನೆಮನೆಗೆ ಒಂದೊಂದು ಅಚ್ಚು ಬೆಲ್ಲ ಕಳಿಸುತ್ತಿದ್ದ.

ವ್ಯಾಪಾರದಲ್ಲಿ ಅವನದೊಂದು ಪದ್ಧತಿ ಇತ್ತು. ಆಲೆಮನೆಯವರು ತಂದ ಬೆಲ್ಲಕ್ಕೆ ಪೂರ್ತಿ ಹಣ ಒಮ್ಮೆಗೇ ಕೊಡುತ್ತಿರಲಿಲ್ಲ. ಆರರಲ್ಲಿ ಒಂದು ಪಾಲು ಹಿಡಿದಿಟ್ಟುಕೊಳ್ಳುತ್ತಿದ್ದ. ಯಾಕೆಂದರೆ ಬೆಲ್ಲದ ಗುಣ ತಂದ ದಿನ ತಿಳಿಯುವುದಿಲ್ಲ. ಪಾಕ ಹದ ತಪ್ಪಿದ್ದರೆ ಮಳೆಗಾಲದ ತಂಪಿಗೆ ಬೆವೆತು ನೀರಾಗುತ್ತದೆ. ಮಳೆಗಾಲ ಕಳೆದು ಅಚ್ಚು ಗಟ್ಟಿಯಾಗಿ ನಿಂತರೆ ಆ ಆರನೆಯ ಪಾಲನ್ನು ತಾನೇ ಕರೆದು ಕೊಡುತ್ತಿದ್ದ. ಇನ್ನೊಂದು, ಕೊಳ್ಳುವಾಗ ಅಚ್ಚನ್ನು ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳುತ್ತಿದ್ದ. ಸದ್ದು ಗಟ್ಟಿ ಬಂದರೆ ಒಳಗೂ ಗಟ್ಟಿ. ಬೊದ್ದು ಬಂದರೆ ಒಳಗೆ ಏನೋ ಇದೆ ಎಂದು ಅರ್ಥ. ಮೂವತ್ತು ವರ್ಷ ತಟ್ಟಿದ ಕೈ, ಒಮ್ಮೆಯೂ ಸುಳ್ಳಾಗಿರಲಿಲ್ಲ.

ಅದೇ ಪೇಟೆಯಲ್ಲಿ ಒಬ್ಬ ಗೌಂಡಿ ಇದ್ದ. ಮನೆ ಕಟ್ಟುವುದೇ ಅವನ ಕಸುಬು. ಓದು ಬರಹ ಬರುತ್ತಿರಲಿಲ್ಲ. ಮನೆಯ ಅಳತೆಯನ್ನೆಲ್ಲ ಒಂದು ದಾರಕ್ಕೆ ಗಂಟು ಹಾಕಿ ಇಟ್ಟುಕೊಳ್ಳುತ್ತಿದ್ದ. ಒಂದು ಮನೆಗೆ ಒಂದು ದಾರ. ಅವನದೂ ಒಂದು ಪದ್ಧತಿ ಇತ್ತು. ಅದಕ್ಕೆ ಮನೆ ಒಪ್ಪಿಸುವುದು ಎನ್ನುತ್ತಿದ್ದ. ಕೊನೆಯ ಹಣ ಕೈಗೆ ಬಂದು, ಯಜಮಾನ ಎಲೆ ಅಡಿಕೆ ಕೊಟ್ಟ ಮೇಲೆ, ಗಂಡ ಹೆಂಡತಿ ಇಬ್ಬರನ್ನೂ ಕರೆದುಕೊಂಡು ಹೊಸ್ತಿಲಿಂದ ಹಿತ್ತಿಲವರೆಗೆ ನಡೆಯುತ್ತಿದ್ದ. ಯಾವ ಗೋಡೆ ಭಾರ ಹೊತ್ತಿದೆ, ಎಲ್ಲಿ ಮೊಳೆ ಹೊಡೆಯಬಾರದು, ಮಾಳಿಗೆಯ ನೀರು ಯಾವ ಮೂಲೆಯಿಂದ ಇಳಿಯುತ್ತದೆ, ಎಲ್ಲವನ್ನೂ ಕೈಯಿಟ್ಟು ತೋರಿಸುತ್ತಿದ್ದ. ಕಡೆಗೆ ಆ ಗಂಟಿನ ದಾರವನ್ನು ಮನೆಯೊಡತಿಯ ಕೈಗೆ ಕೊಡುತ್ತಿದ್ದ. ಅಲ್ಲಿಗೆ ಮನೆ ಅವರದು. ಅಲ್ಲಿಯವರೆಗೆ ಮನೆಯ ಒಳಸಂಗತಿಯನ್ನು ಯಾರಿಗೂ ಬಾಯಿಬಿಡುತ್ತಿರಲಿಲ್ಲ. ಅವನ ಅಪ್ಪನೂ ಹಾಗೇ ಮಾಡುತ್ತಿದ್ದನಂತೆ.

ಎರಡೂ ಒಳ್ಳೆಯ ಪದ್ಧತಿಗಳೇ, ತಮ್ಮಾ. ಒಬ್ಬನು ಹಣವನ್ನು ಕೊನೆಗೆ ಕೊಡುವವನು, ಇನ್ನೊಬ್ಬನು ಮಾತನ್ನು ಕೊನೆಗೆ ಕೊಡುವವನು. ಅವರಿಬ್ಬರೂ ಒಂದೇ ಮನೆಗೆ ಸೇರಿಕೊಂಡರು.

ವ್ಯಾಪಾರಿ ಪೇಟೆಯ ಅಂಚಿನಲ್ಲಿ ಜಾಗ ಕೊಂಡು ಗೌಂಡಿಗೆ ಒಪ್ಪಂದ ಮಾಡಿಕೊಟ್ಟ. ಕಲ್ಲು ತನ್ನದು, ಕೆಲಸ ಅವನದು. ಅಷ್ಟು ಹೇಳಿ ಬೆಲ್ಲದ ಸುಗ್ಗಿಗೆ ಊರೂರು ತಿರುಗಲು ಹೊರಟುಹೋದ. ಇತ್ತ ಗೌಂಡಿ ಪಾಯ ತೋಡುವಾಗ ಹಿಂಭಾಗದಲ್ಲಿ ಗುದ್ದಲಿ ಇದ್ದಕ್ಕಿದ್ದಂತೆ ಒಳಕ್ಕೆ ಹೋಯಿತು. ನೋಡಿದರೆ ಹಗೇವು. ಹಿಂದಿನವರು ಜೋಳ ತುಂಬಿಡಲು ನೆಲದೊಳಗೆ ತೋಡುತ್ತಿದ್ದರಲ್ಲ, ಅದು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಎರಡಾಳು ಆಳ. ಯಾವ ಕಾಲದ್ದೋ ಏನೋ, ಒಳಗೆ ಒಂದು ಕಾಳೂ ಇರಲಿಲ್ಲ.

ಗೌಂಡಿ ಅದರ ಅಂಚಿನಲ್ಲಿ ಕೂತು ಒಂದು ದಿನವೆಲ್ಲ ಯೋಚಿಸಿದ. ಮಣ್ಣು ತುಂಬಿಸಿದರೆ ಅದು ಕೂರಲು ಎರಡು ಮಳೆಗಾಲ ಬೇಕು. ವ್ಯಾಪಾರಿ ಗೃಹಪ್ರವೇಶಕ್ಕೆ ವೈಶಾಖದ ಮುಹೂರ್ತ ಇಡಿಸಿಬಿಟ್ಟಿದ್ದ. ಕಡೆಗೆ ಗೌಂಡಿ ತನ್ನ ಬುದ್ಧಿಗೆ ತೋಚಿದ್ದನ್ನು ಮಾಡಿದ. ಹಗೇವಿನ ತಳದಿಂದ ಕಲ್ಲಿನ ಕಮಾನು ಎಬ್ಬಿಸಿದ. ನಡುಮನೆಗೂ ಹಿಂದಿನ ಕೋಣೆಗೂ ನಡುವೆ ಬರುವ ಗೋಡೆಯನ್ನು ಅದರ ಮೇಲೆ ಕೂರಿಸಿದ. ಹಿಂದಿನ ಕೋಣೆಯ ಕಡೆ ಉಳಿದ ಬಾಯಿಗೆ ದಪ್ಪ ಚಪ್ಪಡಿ ಹಾಸಿ ನೆಲ ಮಾಡಿದ. ಆ ಚಪ್ಪಡಿಗಳು ಕೂತದ್ದು ಮಣ್ಣಿನ ಅಂಚಿನ ಮೇಲೆ. ಒಣಗಿರುವವರೆಗೆ ಆ ಮಣ್ಣು ಕಲ್ಲಿನಷ್ಟೇ ಗಟ್ಟಿ. ನೀರು ಮಾತ್ರ ಬೀಳಬಾರದು. ಅಲ್ಲಿ ಬರಿ ದಿನಸಿ ಇಡುವ ಕೋಣೆ ಎಂದು ವ್ಯಾಪಾರಿಯೇ ಹೇಳಿದ್ದರಿಂದ ಗೌಂಡಿಗೆ ಚಿಂತೆಯಾಗಲಿಲ್ಲ. ಕಮಾನಿಗೆ ಯಜಮಾನನ ಕಲ್ಲು ಸಾಲದೆ ಹೋದಾಗ ತನ್ನ ಹಿತ್ತಿಲಲ್ಲಿ ಬಿದ್ದಿದ್ದ ಕಲ್ಲನ್ನೂ ತಂದು ಹಾಕಿದ.

ಇದನ್ನು ಅವನು ಆಗಲೇ ಹೇಳಲಿಲ್ಲ. ಹೊಸ ಮನೆಯ ಅಡಿಯಲ್ಲಿ ಬರಿದಾದ ಹಗೇವು ಇದೆ ಎಂದರೆ ಹೆಂಗಸರು ಅಪಶಕುನ ಎಂದು ಹೆದರಿಯಾರು, ನಾಲ್ಕು ದಿನ ಬಾಳಿದ ಮೇಲೆ ಹೇಳಿದರಾಯಿತು ಎಂದುಕೊಂಡ. ಅದೂ ಅಲ್ಲದೆ, ಮನೆ ಒಪ್ಪಿಸುವ ದಿನ ಸಾಹುಕಾರನನ್ನು ಅಲ್ಲಿ ನಿಲ್ಲಿಸಿ, ನಿಮ್ಮ ಕಾಲಡಿ ಏನಿದೆ ಗೊತ್ತೇ ಎಂದು ಕೇಳಬೇಕೆಂದು ಅವನಿಗೆ ಆಸೆ ಇತ್ತು. ಕೈಕಸುಬಿನವನಿಗೆ ಅಷ್ಟೂ ಹೆಮ್ಮೆ ಇರಬಾರದೇ? ಜೊತೆಗಿದ್ದ ಇಬ್ಬರು ಆಳುಗಳು ಪರವೂರಿನವರು, ಕೆಲಸ ಮುಗಿಸಿ ಹೊರಟುಹೋದರು. ಹಗೇವಿನ ಸಂಗತಿ ಗೌಂಡಿಗೂ ಅವನ ಹೆಂಡತಿಗೂ ಬಿಟ್ಟರೆ ಊರಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ.

ವೈಶಾಖದಲ್ಲಿ ಗೃಹಪ್ರವೇಶವಾಯಿತು. ಹೋಳಿಗೆ ಊಟ ಹಾಕಿಸಿದ ವ್ಯಾಪಾರಿ ಗೌಂಡಿಗೆ ಧೋತರ ಹೊದಿಸಿ, ಹಣ ಎಣಿಸಿ ಕೊಟ್ಟ. ಆರರಲ್ಲಿ ಒಂದು ಪಾಲು ಇರಲಿಲ್ಲ. ಮಳೆಗಾಲ ಕಳೆಯಲಿ, ಮನೆ ಸೋರದಿದ್ದರೆ ಕರೆದು ಕೊಡುತ್ತೇನೆ ಎಂದ. ಮನೆಗೂ ಬೆಲ್ಲಕ್ಕೂ ಒಂದೇ ಲೆಕ್ಕ ಹಿಡಿದ ನೋಡು. ಗೌಂಡಿಗೆ ಹೀಗೆ ಯಾರೂ ಮಾಡಿರಲಿಲ್ಲ. ಆದರೂ ಹಬ್ಬದ ಮನೆಯಲ್ಲಿ ಮಾತು ಬೆಳೆಸುವುದು ಬೇಡವೆಂದು ಆಗಲಿ ಎಂದ. ಹಣ ಪೂರ್ತಿ ಬರಲಿಲ್ಲವಾದ್ದರಿಂದ ಮನೆ ಒಪ್ಪಿಸುವುದೂ ಆಗಲಿಲ್ಲ. ದಾರ ಅವನ ಮನೆಯ ಗೂಟದಲ್ಲೇ ಉಳಿಯಿತು.

ಮಳೆಗಾಲ ಬಂತು. ಮಾಳಿಗೆ ಒಂದು ಹನಿಯೂ ಸೋರಲಿಲ್ಲ. ಹೊಸ ಗಾರೆ ಅಲ್ಲಲ್ಲಿ ಕೂದಲೆಳೆಯಷ್ಟು ಬಿರಿಯಿತು, ದೇವರ ಮನೆಯ ಬಾಗಿಲು ಉಬ್ಬಿ ಸಿಕ್ಕಿಕೊಂಡಿತು. ಅಷ್ಟು ಎಲ್ಲ ಹೊಸ ಮನೆಯಲ್ಲೂ ಇರುವುದೇ. ಆದರೆ ಮಳೆ ಹಿಡಿದು ಅಂಗಡಿಗೆ ಗಿರಾಕಿ ಇಲ್ಲದ ಒಂದು ದಿನ, ಹೊತ್ತು ಹೋಗದೆ, ವ್ಯಾಪಾರಿ ಕೋಲು ಹಿಡಿದು ಮನೆಯ ನೆಲವನ್ನೆಲ್ಲ ತಟ್ಟುತ್ತಾ ಹೊರಟ. ಪಡಸಾಲೆ ಗಟ್ಟಿ. ನಡುಮನೆ ಗಟ್ಟಿ. ಹಿಂದಿನ ಕೋಣೆಗೆ ಬಂದಾಗ ಸದ್ದು ಬೊದ್ದು ಬಂತು. ಮತ್ತೆ ತಟ್ಟಿದ. ಅದೇ ಸದ್ದು.

ಅವನು ಕಲ್ಲಿನ ಗಾಡಿಗಳ ಲೆಕ್ಕ ತೆಗೆದ. ಕಂಡ ಗೋಡೆಗಳಿಗೆ ಹಿಡಿದ ಕಲ್ಲನ್ನು ಕಳೆದು ನೋಡಿದ. ಮೂರು ಗಾಡಿ ಕಲ್ಲು ಸಿಗಲಿಲ್ಲ. ನೆಲದಡಿ ಟೊಳ್ಳು ಬಿಟ್ಟು ಕಲ್ಲು ಮಾರಿಕೊಂಡಿದ್ದಾನೆ ಎಂದು ಅವನಿಗೆ ಖಾತ್ರಿಯಾಯಿತು. ಬೇರೆ ಯಾರಾದರೂ ಆಗಿದ್ದರೆ ಚಪ್ಪಡಿ ಎಬ್ಬಿಸಿ ನೋಡುತ್ತಿದ್ದರು. ಇವನಿಗೆ ಸದ್ದು ಕೇಳಿದರೆ ಸಾಕಾಗಿತ್ತು. ಮೂವತ್ತು ವರ್ಷದಲ್ಲಿ ಒಂದು ಅಚ್ಚನ್ನೂ ಅವನು ಒಡೆದು ನೋಡಿದವನಲ್ಲ.

ಗೌಂಡಿಯನ್ನು ಅಂಗಡಿಗೆ ಕರೆಸಿದ. ಸಂತೆಯ ದಿನ, ಹತ್ತು ಜನ ಕೂತಿದ್ದರು. ಅವರೆಲ್ಲರ ಎದುರಿಗೇ ಕೇಳಿದ.

"ಹಿಂದಿನ ಕೋಣೆಯ ನೆಲದಡಿ ಟೊಳ್ಳಿದೆ. ಅಲ್ಲಿಗೆ ಬಂದ ಕಲ್ಲು ಯಾರ ಮನೆ ಸೇರಿತು?"

"ಟೊಳ್ಳು ಇರುವುದು ಹೌದು ಸಾಹುಕಾರರೇ. ಯಾಕಿದೆ ಎಂಬುದನ್ನು ಮನೆ ಒಪ್ಪಿಸುವ ದಿನ ಹೇಳುತ್ತೇನೆ."

"ಅಂದರೆ ಹಣ ಕೊಟ್ಟರೆ ಬಾಯಿ ಬಿಡುತ್ತೀ. ನೀನು ಮೊದಲು ಹೇಳು, ಆಮೇಲೆ ಕೊಡುವ ಮಾತು."

ಗೌಂಡಿ ಕೂತಿದ್ದವರ ಮುಖ ಒಂದೊಂದಾಗಿ ನೋಡಿದ. ಒಬ್ಬನೂ, ಬಿಡಿ ಸಾಹುಕಾರರೇ, ಅವನು ಅಂಥವನಲ್ಲ ಎನ್ನಲಿಲ್ಲ. ಟವೆಲು ಹೆಗಲಿಗೆ ಹಾಕಿಕೊಂಡು ಅಂಗಡಿಯ ಮೆಟ್ಟಿಲು ಇಳಿದುಹೋದ.

ನನಗೆ ಇಲ್ಲಿ ಅವನ ಮೇಲೆ ಸಿಟ್ಟು ಬರುತ್ತದೆ. ಅಲ್ಲಿ ಹಗೇವು ಇದೆ, ನೀರು ಬೀಳದ ಹಾಗೆ ನೋಡಿಕೊಳ್ಳಿ. ಇಷ್ಟು ಹೇಳಲು ಎಷ್ಟು ಹೊತ್ತು ಬೇಕಿತ್ತು? ಆದರೆ ತಾನು ತನ್ನ ಮನೆಯ ಕಲ್ಲು ತಂದು ಹಾಕಿದ ಜಾಗದ ಮೇಲೆಯೇ ಕಲ್ಲು ಕದ್ದ ಮಾತು ಬಂದರೆ, ಮನುಷ್ಯ ಎದ್ದು ನಡೆದುಬಿಡುತ್ತಾನೆ. ಅದೂ ನನಗೆ ಗೊತ್ತು. ಆ ಸಂಜೆ ಅವನು ಹೋಟೆಲಿನಲ್ಲಿ ಕೂತು, ಆ ಸಾಹುಕಾರ ಅಚ್ಚಿಗೆ ಮುತ್ತಿದ ಇರುವೆಯ ಹತ್ತಿರವೂ ಬಾಕಿ ವಸೂಲು ಮಾಡುತ್ತಾನೆ ಎಂದು ನಗೆಯಾಡಿದ. ನಕ್ಕವರಲ್ಲಿ ಒಬ್ಬ ಅದನ್ನು ಅಂಗಡಿಗೆ ಮುಟ್ಟಿಸಿದ. ಮುಟ್ಟಿಸುವವರಿಗೆ ಯಾವ ಊರಲ್ಲೂ ಬರವಿಲ್ಲ. ಅಲ್ಲಿಗೆ ವ್ಯಾಪಾರಿಯೂ ಹಟಕ್ಕೆ ಬಿದ್ದ.

ಮಳೆಗಾಲ ಮುಗಿಯಿತು. ವ್ಯಾಪಾರಿಯ ಹೆಂಡತಿ ಒಂದು ದಿನ ಊಟಕ್ಕೆ ಬಡಿಸುತ್ತಾ, ಮನೆ ಸೋರಲಿಲ್ಲವಲ್ಲ, ಆ ಮನುಷ್ಯನ ಹಣ ಕೊಟ್ಟುಬಿಡಿ ಎಂದಳು. ಹಣದ ಮಾತಲ್ಲ, ನ್ಯಾಯದ ಮಾತು ಎಂದ. ನೀನೂ ಈಗ ಅದನ್ನೇ ಅಂದೆಯಲ್ಲ. ಅವಳು ಇನ್ನೊಂದು ಸಲವೂ ಹೇಳಿ ನೋಡಿದಳು. ಅವನು ತಾಟು ಬಿಟ್ಟು ಎದ್ದ. ಮತ್ತೆ ಅವಳು ಆ ಮಾತು ತೆಗೆಯಲಿಲ್ಲ.

ಮಾರ್ಗಶಿರದಲ್ಲಿ ಅವರ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಹೆಣ್ಣು ಮಗುವಾಯಿತು. ತಾಯಿ ಮಗುವಿನ ಹಾಸಿಗೆ ನಡುಮನೆಯಲ್ಲಿ. ಬಚ್ಚಲು ಹಿತ್ತಿಲ ಆಚೆ ತುದಿಯಲ್ಲಿತ್ತು. ಆ ಚಳಿಯಲ್ಲಿ ಹಸಿ ಬಾಣಂತಿಯನ್ನು ಅಲ್ಲಿಯವರೆಗೆ ನಡೆಸುವುದು ಹೇಗೆ? ಪಕ್ಕದಲ್ಲೇ ಇದ್ದ ಹಿಂದಿನ ಕೋಣೆಯಲ್ಲಿ ಎರೆದರಾಯಿತು ಎಂದು ತೀರ್ಮಾನವಾಯಿತು. ಹೊರಗೋಡೆಗೆ ಒಂದು ತೂತು ಹೊಡೆಸಿ ನೀರು ಹೋಗಲು ದಾರಿ ಮಾಡಿದರು. ಬಾಣಂತಿ ನೀರೆಂದರೆ ನಿನಗೆ ಗೊತ್ತಲ್ಲ, ದಿನಕ್ಕೆ ಎರಡು ಹಂಡೆ ಬಿಸಿನೀರು ಸುರಿಯಬೇಕು. ಅರ್ಧ ಆ ತೂತಿನಿಂದ ಹೊರಗೆ ಹೋಗುತ್ತಿತ್ತು. ಉಳಿದದ್ದು ಚಪ್ಪಡಿಗಳ ಸಂದಿಯಲ್ಲಿ ಇಳಿಯುತ್ತಿತ್ತು. ನೆಲ ಬೇಗ ಒಣಗುತ್ತದೆ ಎಂದು ಮನೆಯವರು ಸಂತೋಷಪಟ್ಟರು.

ಒಂದು ಬೆಳಿಗ್ಗೆ ಗೌಂಡಿ ಬೇರೆ ಕೆಲಸಕ್ಕೆಂದು ಆ ಮನೆಯ ಹಿಂದಿನ ಓಣಿಯಲ್ಲಿ ಹೋಗುತ್ತಿದ್ದ. ತಾನು ಕಟ್ಟಿದ ಗೋಡೆಯಲ್ಲಿ ತಾನು ಬಿಡದ ತೂತು ಕಂಡಿತು. ಅದರಿಂದ ಹಬೆಯಾಡುವ ನೀರು ಹರಿದು ಬರುತ್ತಿತ್ತು. ಚಪ್ಪಡಿ ಕೂತ ಮಣ್ಣು ನೆನೆಯುತ್ತಿದೆ ಎಂದು ಅವನಿಗೆ ಗೊತ್ತಾಯಿತು. ಹಟ ಹಿಡಿದಿದ್ದು, ಅವಮಾನವಾದದ್ದು ಎಲ್ಲ ಅಲ್ಲೇ ಮರೆತುಹೋಯಿತು. ಓಣಿ ಸುತ್ತಿ ಮುಂಬಾಗಿಲಿಗೆ ಬಂದು ಸಾಹುಕಾರರೇ ಎಂದು ಕೂಗಿದ. ಸಿಟ್ಟು ಬಂತು ಎಂದೆನಲ್ಲ, ಈ ಒಂದು ಗಳಿಗೆಗೆ ಅವನ ಕಾಲು ಮುಟ್ಟಬೇಕು ಅನ್ನಿಸುತ್ತದೆ.

ವ್ಯಾಪಾರಿ ಒಳಗೆ ಉಣ್ಣುತ್ತಿದ್ದ. ದನಿ ಗುರುತು ಹಿಡಿದ. ಊರಲ್ಲಿಲ್ಲ ಎಂದು ಹೇಳು ಎಂದು ಹೆಂಡತಿಯನ್ನು ಕಳಿಸಿದ.

ಅವಳು ಬಂದು ಅರ್ಧ ತೆರೆದ ಬಾಗಿಲಲ್ಲಿ ನಿಂತು ಹಾಗೆಯೇ ಹೇಳಿದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದವಳು, ನೆಲ ನೋಡಿಕೊಂಡು ಹೇಳಿದಳು. ಹೊಸ್ತಿಲ ಮುಂದಿದ್ದ ಸಾಹುಕಾರನ ಚಪ್ಪಲಿಯನ್ನು ಗೌಂಡಿ ನೋಡಿದ. ಈಗ ಇವಳಿಗೇ ಹೇಳಿಬಿಡಲೇ ಎಂದು ಬಾಯಿಗೆ ಬಂತು. ಒಳಗೆ ಮಗು ಅತ್ತಿತು. ಬಾಣಂತಿ ಇರುವ ಮನೆ, ಕಾಲಡಿ ಪಾಳು ಹಗೇವು ಇದೆ ಎಂದರೆ ಹೆಣ್ಣು ಜೀವ ಎಷ್ಟು ಬೆದರೀತು, ಯಜಮಾನನಿಗೇ ಹೇಳುವುದು ಸರಿ ಎಂದು ನುಂಗಿಕೊಂಡ.

"ಹಣಕ್ಕೆ ಬಂದಿಲ್ಲ ತಾಯಿ. ಬೇರೆ ಮಾತಿದೆ, ಅವಸರದ್ದು ಅಂತ ಅವರಿಗೆ ಹೇಳಿ" ಎಂದ.

ಅವಳು ಒಳಗೆ ಹೋಗಿ ಹೇಳಿದಳು. ವ್ಯಾಪಾರಿ ನಕ್ಕ. ಬಾಕಿಗೆ ಬಂದವರೆಲ್ಲ ಮೊದಲು ಹಾಗೇ ಅನ್ನುವುದು, ನಾನೂ ಎಷ್ಟು ಮನೆ ಬಾಗಿಲಲ್ಲಿ ಹಾಗೆ ಅಂದಿದ್ದೇನೆ ಎಂದ.

ಮರುದಿನ ಗೌಂಡಿ ಮತ್ತೆ ಬಂದ. ಅಷ್ಟರಲ್ಲಿ ಅವನಿಗೆ ಜ್ವರ ಹತ್ತಿತ್ತು. ಕಂಬಳಿ ಹೊದ್ದು ಮುಂದಿನ ಕಟ್ಟೆಯ ಮೇಲೆ ಮಧ್ಯಾಹ್ನದವರೆಗೆ ಕೂತ. ವ್ಯಾಪಾರಿ ಕಿಟಕಿಯಿಂದ ನೋಡಿ ಹಿತ್ತಿಲ ಬಾಗಿಲಿಂದ ಅಂಗಡಿಗೆ ಹೋದ. ತನ್ನ ಮನೆಯಿಂದ ತಾನೇ ಕದ್ದು ಹೋದ. ಓಣಿಯಲ್ಲಿ ಬಾಣಂತಿ ನೀರು ಹರಿಯುತ್ತಿತ್ತು, ಧೋತರ ಎತ್ತಿ ಹಿಡಿದು ಅದನ್ನು ದಾಟಿಕೊಂಡು ಹೋದ.

ಮೂರನೆಯ ದಿನ ಗೌಂಡಿ ಬರಲಿಲ್ಲ. ಸೋತ ಎಂದುಕೊಂಡ ವ್ಯಾಪಾರಿ. ಗೌಂಡಿ ಎದೆಗೆ ಕಫ ಕಟ್ಟಿ ಹಾಸಿಗೆ ಹಿಡಿದಿದ್ದ. ಎಂಟನೆಯ ದಿನ ತೀರಿಕೊಂಡ. ಸುದ್ದಿ ಅಂಗಡಿಗೆ ಬಂದಾಗ ವ್ಯಾಪಾರಿ ತಕ್ಕಡಿ ಹಿಡಿದಿದ್ದ. ಪಾಪ ಎಂದ. ಮನಸ್ಸಿನಲ್ಲಿ ನಿಜವಾಗಿ ನೊಂದುಕೊಂಡ. ದಿನಕರ್ಮ ಮುಗಿಯಲಿ, ಅವನ ಹೆಂಡತಿಗೆ ಆ ಬಾಕಿ ಮುಟ್ಟಿಸಿಬಿಡೋಣ ಎಂದುಕೊಂಡ. ಆಗಲೇ ಎದ್ದು ಹೋಗಬಹುದಿತ್ತು. ಅದಕ್ಕೂ ಒಂದು ಗಡುವು ಹಾಕಿಕೊಂಡ.

ಐದು ದಿನ ಕಳೆಯಿತು. ಆರನೆಯ ಬೆಳಿಗ್ಗೆ ಎಂದಿನಂತೆ ಮಗಳಿಗೆ ನೀರು ಎರೆದರು. ಅವಳನ್ನು ನಡುಮನೆಗೆ ಕರೆತಂದು, ಮಗುವಿನ ಪಕ್ಕ ಗೋಡೆಗೆ ಒರಗಿಸಿ ಕೂರಿಸಿ, ಸಾಂಬ್ರಾಣಿ ಹೊಗೆ ಹಾಕಿದರು. ವ್ಯಾಪಾರಿಯ ಹೆಂಡತಿ ಹಂಡೆ ಎತ್ತಿಡಲು ಹಿಂದಿನ ಕೋಣೆಗೆ ಹೋದಳು. ತೊಯ್ದ ಅಂಚು ಜರಿಯಿತು. ಚಪ್ಪಡಿಗಳು ಹಂಡೆಯನ್ನೂ ಅವಳನ್ನೂ ಹೊತ್ತುಕೊಂಡು ಒಳಗೆ ಹೋದವು.

ಓಣಿಯವರೆಲ್ಲ ಸೇರಿ ಹಗ್ಗ ಇಳಿಸಿ ಅವಳನ್ನು ಮೇಲೆತ್ತಿದರು. ಜೀವ ಇತ್ತು. ಸೊಂಟ ಮುರಿದಿತ್ತು. ಆಮೇಲೆ ಅವಳು ಕಾಲ ಮೇಲೆ ನಿಲ್ಲಲಿಲ್ಲ.

ಮರುದಿನ ವ್ಯಾಪಾರಿ ಏಣಿ ಹಾಕಿಕೊಂಡು ಹಗೇವಿನೊಳಗೆ ಇಳಿದ. ಕೆಳಗೆ ನಿಂತು ತಲೆ ಎತ್ತಿದಾಗ ಕಮಾನು ಕಂಡಿತು. ನೆಲ ಪೂರ್ತಿ ಕುಸಿದಿದ್ದರೂ ನಡುಗೋಡೆ ಅದರ ಮೇಲೆ ಒಂದು ಬಿರುಕೂ ಇಲ್ಲದೆ ಕೂತಿತ್ತು. ಆ ಗೋಡೆಯ ಆಚೆಗೇ ಅವನ ಮಗಳು ಒರಗಿ ಕೂತಿದ್ದಳು, ಮೊಮ್ಮಗು ಮಲಗಿತ್ತು. ಕಮಾನು ಇಲ್ಲದಿದ್ದರೆ ಗೋಡೆ ಉಳಿಯುತ್ತಿರಲಿಲ್ಲ ಎಂದು ಯಾರೂ ಅವನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಅವನು ಕಲ್ಲುಗಳನ್ನು ಎಣಿಸಿದ. ಎಣಿಸದೆ ಇರುವುದು ಅವನಿಗೆ ಬರುತ್ತಿರಲಿಲ್ಲ, ಏನು ಮಾಡುತ್ತೀ. ಕಾಣೆಯಾಗಿದ್ದ ಮೂರು ಗಾಡಿ ಕಲ್ಲು ಅಲ್ಲಿದ್ದವು. ಅವನ ಲೆಕ್ಕಕ್ಕೆ ಸೇರದ ಹನ್ನೊಂದು ಕಲ್ಲು ಹೆಚ್ಚಿಗೆ ಇದ್ದವು.

ಮೇಲೆ ಬಂದವನು ಕೈಕಾಲಿಗೆ ಹತ್ತಿದ ಮಣ್ಣನ್ನೂ ತೊಳೆಯದೆ ಬಾಕಿ ಹಣ ಗಂಟು ಕಟ್ಟಿಕೊಂಡು ಗೌಂಡಿಯ ಮನೆಗೆ ಹೋದ. ದಿನಕರ್ಮ ಇನ್ನೂ ಮುಗಿದಿರಲಿಲ್ಲ. ಗೌಂಡಿಯ ಹೆಂಡತಿ ಒಳಗೆ ಕೂತಿದ್ದಳು. ಅವಳು ಬೈಯಬಹುದು ಎಂದುಕೊಂಡು ಹೋಗಿದ್ದ. ಅವನನ್ನು ನೋಡಿದೊಡನೆ ಅವಳು ಅತ್ತಳು. ಆಮೇಲೆ ಎದ್ದು ಗೂಟದಿಂದ ಒಂದು ದಾರ ತೆಗೆದು ತಂದಳು. ಗಂಟುಗಂಟಿನ ದಾರ. ಒಂದು ಗಂಟಿಗೆ ಕೆಂಪು ಬಟ್ಟೆಯ ಚೂರು ಕಟ್ಟಿತ್ತು.

"ಇದು ನಿಮ್ಮ ಮನೆಯದು. ಸಾಹುಕಾರರು ಕೆಟ್ಟವರಲ್ಲ, ಬಂದೇ ಬರುತ್ತಾರೆ, ಬಂದರೆ ಈ ಕೆಂಪು ಗಂಟು ತೋರಿಸು ಅಂತ ನಮ್ಮವರು ಅಂದಿದ್ದರು. ಕಡೇ ದಿನ ಮಾತ್ರ, ನೀನೇ ಹೋಗಿ ಹೇಳಿ ಬಾ ಅಂತ ಹಟ ಹಿಡಿದರು. ಬಾಗಿಲು ಹಾಕಿದವರ ಮನೆಗೆ ನಾನು ಯಾಕೆ ಹೋಗಲಿ ಅಂದೆ. ಹೋಗಬೇಕಿತ್ತು" ಎಂದಳು.

ಆಮೇಲೆ, ನಿಮ್ಮ ಮನೆಯ ಅಮ್ಮನವರು ಹೇಗಿದ್ದಾರೆ ಎಂದು ಕೇಳಿದಳು. ಹಣದ ಗಂಟನ್ನು ಅಲ್ಲೇ ಇಟ್ಟು, ದಾರ ತೆಗೆದುಕೊಂಡು ಬಂದ.

ಮನೆಗೆ ಬಂದು ದಾರದ ತುದಿಯನ್ನು ಹೊಸ್ತಿಲಿಗೆ ಹಿಡಿದು ಒಳಗೆ ಬಿಚ್ಚುತ್ತಾ ಹೋದ. ಪಡಸಾಲೆಯ ಗೋಡೆಗೆ ಒಂದು ಗಂಟು, ನಡುಮನೆಯ ಗೋಡೆಗೆ ಒಂದು ಗಂಟು ಸರಿಯಾಗಿ ಬಂದವು. ಕೆಂಪು ಗಂಟು, ಚಪ್ಪಡಿ ಮುರಿದ ಅಂಚಿಗೆ ಬಂತು. ಒಂದು ಬೆರಳು ಆಚೆ ಇಲ್ಲ, ಈಚೆ ಇಲ್ಲ. ದಾರ ಹಿಡಿದುಕೊಂಡು ಅಲ್ಲೇ ಕುಕ್ಕರಿಸಿದ. ಮನೆ ಒಪ್ಪಿಸುವುದೆಂದರೆ ಇಷ್ಟೇ ಆಗಿತ್ತು, ಹೊಸ್ತಿಲಿಂದ ಇಲ್ಲಿಯವರೆಗೆ ಅವನ ಜೊತೆ ನಡೆದು ಬರುವುದು.

ಅವನ ಹೆಂಡತಿ ಇನ್ನೂ ಒಂಬತ್ತು ವರ್ಷ ಬದುಕಿದಳು. ದಿನವೂ ಬೆಳಿಗ್ಗೆ ಅವನೇ ಅವಳನ್ನು ಎತ್ತಿ ತಂದು ಬಿಸಿಲಿಗೆ ಕೂರಿಸುತ್ತಿದ್ದ, ನೀರು ಎರೆಯುತ್ತಿದ್ದ, ತಲೆ ಬಾಚುತ್ತಿದ್ದ. ಅಂಗಡಿ ಬಿಟ್ಟುಬಿಟ್ಟಿದ್ದ. ನಾನು ಹೇಳಿರಲಿಲ್ಲವೇ ಎಂದು ಅವಳು ಒಂದು ದಿನವೂ ಅನ್ನಲಿಲ್ಲ. ಅಂದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಮುಂಬಾಗಿಲಲ್ಲಿ ಯಾರಾದರೂ ಕೂಗಿದರೆ ಸಾಕು, ಅವಳನ್ನು ಎತ್ತಿಕೊಂಡಿದ್ದರೂ ಹಾಗೇ ಎತ್ತಿಕೊಂಡೇ ಬಾಗಿಲಿಗೆ ಓಡಿ ಬರುತ್ತಿದ್ದ. ಭಿಕ್ಷೆಯವನೇ ಇರಲಿ, ಮಜ್ಜಿಗೆ ಮಾರುವವಳೇ ಇರಲಿ, ಏನಾದರೂ ಹೇಳುವುದಿದೆಯೇ ಎಂದು ಕೇಳುತ್ತಿದ್ದ. ಜನ ಅವನಿಗೆ ತಲೆ ಕೆಟ್ಟಿದೆ ಎಂದುಕೊಂಡರು.

ಅಜ್ಜನವರು ಇಲ್ಲಿಗೆ ನಿಲ್ಲಿಸಿದರು. ಮೊರದ ಜೋಳ ಹಸನಾಗಿತ್ತು. ಅದನ್ನು ಗಡಿಗೆಗೆ ಸುರಿದರು.

ಮುರಿಗೆಪ್ಪ, ಆ ಗೌಂಡಿಯೂ ತಪ್ಪು ಮಾಡಿದ ಅಜ್ಜಾ, ಅಂಗಡಿಯಲ್ಲಿ ಕೇಳಿದ ದಿನವೇ ಹೇಳಬಹುದಿತ್ತಲ್ಲ ಎಂದ. ಹೇಳಬಹುದಿತ್ತು ಎಂದು ಅಜ್ಜನವರು ಒಪ್ಪಿಕೊಂಡರು. ಹಾಗಾದರೆ ನ್ಯಾಯ ಯಾರ ಕಡೆಗಿತ್ತು ಎಂದು ಮುರಿಗೆಪ್ಪ ಕೇಳಿದ.

ಅಜ್ಜನವರು ಮೊರವನ್ನು ಗೋಡೆಗೆ ಒರಗಿಸಿ ಅವನ ಕಡೆ ತಿರುಗಿದರು.

"ಮೊನ್ನೆ ನಿನ್ನ ಗೌಂಡಿ ಮನೆಯವರೆಗೆ ಬಂದಿದ್ದನಲ್ಲ ತಮ್ಮಾ, ಏನು ಹೇಳಲು ಬಂದಿದ್ದ?"